ಮಂಜನ ಹೆಸರಿನ ಐದು ಗಿಟಾರ್‌ಗಳು

ಮಂಜ, ಭಾರತಿಯ ಮನೆಯವರು ನಿನ್ನನ್ನು ಬೇಡವೆಂದದ್ದು ಜಾತಕ ಕೂಡಿಬರಲಿಲ್ಲವೆಂದಲ್ಲ. ನನ್ನ ಗಿಟಾರ್‌ಗಳಿಂದ.

ಐದು ವರ್ಷದಿಂದ ಈ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಹೇಳಿಬಿಡೋಣ ಎಂದು ನಿಮ್ಮ ಮನೆಗೆ ಎರಡು ಸಲ ಬಂದೆ. ಒಂದು ಸಲ ನೀನು ಕಾಫಿ ಕೊಟ್ಟೆ, ಇನ್ನೊಂದು ಸಲ ನಿಮ್ಮಮ್ಮ ಹೋಳಿಗೆ ಬಡಿಸಿದರು. ತಿಂದು, ಕೈ ತೊಳೆದುಕೊಂಡು ಬಂದೆ — ಅಂಥ ಮನುಷ್ಯ ನಾನು. ಆದ್ದರಿಂದ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ. ನಡುವಿನಿಂದ ಶುರು ಮಾಡಿದರೆ ನನಗೆ ಅನುಕೂಲವಾದ ಕಡೆಯಿಂದಲೇ ಶುರು ಮಾಡಿಬಿಡುತ್ತೇನೆ ಎಂಬ ಭಯ.

ನಮ್ಮ ಮನೆಯ ಸ್ಥಿತಿ ನಿನಗೆ ಗೊತ್ತು. ಹಿಂದೆ ಶೆಡ್ಡು, ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ನಾನು ನಿನ್ನ ಜೊತೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಶಿಫ್ಟಿಗೆ ಹೋದರೆ ಮಗ್ಗ ನೋಡಿಕೊಳ್ಳುವವಳು ನನ್ನ ಹೆಂಡತಿ ಸುಧಾ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಳ್ಳುವುದೇ ಒಂದು ಹುಚ್ಚು. ಕರೆಂಟು ಇದ್ದರೆ ಮಗ್ಗಗಳು ಕಿವಿ ಕಿತ್ತುಹೋಗುವ ಹಾಗೆ ಬಡಿಯುತ್ತವೆ, ಗಿಟಾರ್ ಕೇಳಿಸುವುದಿಲ್ಲ. ಕರೆಂಟು ಹೋದರೆ ಬೀದಿಗೆ ಬೀದಿಯೇ ತಣ್ಣಗಾಗುತ್ತದೆ, ಆದರೆ ಗಿಟಾರೂ ಮೂಕವಾಗುತ್ತದೆ. ಇಂಥ ಮನೆಯಲ್ಲಿ ಒಂದು ಗಿಟಾರ್ ನುಡಿಸುವುದಕ್ಕೇ ಜಾಗವಿಲ್ಲ. ನಾನು ಏಳು ಕೊಂಡೆ.

ಮೊದಲನೆಯದು ಸುಧಾಗೆ ಗೊತ್ತಿದ್ದೇ ಬಂತು. ಎರಡನೆಯದಕ್ಕೆ, ಅದು ಮರದ ಪೆಟ್ಟಿಗೆಯದು ಇದು ಕರೆಂಟಿನದು, ಅದು ರೇಷ್ಮೆ ಇದು ಹತ್ತಿ ಅಂದುಕೋ ಎಂದು ವಿವರಿಸಿ ಒಪ್ಪಿಸಿದೆ. ನೇಕಾರರ ಮಗಳು, ಅರ್ಥವಾಯಿತು ಅವಳಿಗೆ. ಮೂರನೆಯದು ಕೊರಿಯರ್‌ನಲ್ಲಿ ಬಂದಾಗ ನಾನು ಶಿಫ್ಟಿನಲ್ಲಿದ್ದೆ. ಮನೆಗೆ ಬಂದರೆ, ಶವದ ಹಾಗೆ ಉದ್ದಕ್ಕೆ ಮಲಗಿದ ರಟ್ಟಿನ ಡಬ್ಬಿಯ ಪಕ್ಕದಲ್ಲಿ ಸುಧಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಇದೇನ್ರೀ, ಇನ್ನೊಂದಾ?"

ಆಗ ನಾನಂದ ಮಾತು, ಮಂಜ, ಅಕ್ಷರ ಬಿಡದೆ ಹೇಳುತ್ತೇನೆ: "ಛೇ ಛೇ, ನಂದಲ್ಲ ಕಣೇ. ಮಂಜಂದು. ಅವರಮ್ಮ ಬೈತಾರಂತೆ, ಸ್ವಲ್ಪ ದಿನ ಇಟ್ಕೊಂಡಿರು ಗಿರಿಯಣ್ಣ ಅಂದ."

ಇಷ್ಟೇ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಸುಧಾ ನಂಬಿದಳು. ನಂಬಿಬಿಟ್ಟಳಲ್ಲ ಎಂದು ನನಗೆ ಬೇಜಾರಾಗಬೇಕಿತ್ತು, ಆಗಿದ್ದು ಧೈರ್ಯ. ನಾಲ್ಕನೆಯದೂ ನಿನ್ನದೇ ಆಯಿತು. ಐದು, ಆರು, ಏಳು — ಎಲ್ಲಾ ನಿನ್ನವು. ಕಾಲಲ್ಲಿ ಒತ್ತಿ ಗಿಟಾರಿನ ದನಿ ಬದಲಿಸುವ ಪೆಡಲ್‌ಗಳನ್ನು ಮಾತ್ರ ನಿನ್ನ ಮೇಲೆ ಹೊರಿಸಲಿಲ್ಲ. ಅಂಗೈಯಗಲದ ವಸ್ತು, ಲಾಳಿಗೆ ಹಾಕುವ ನೂಲಿನ ಕಂಡಿಕೆಗಳಿರುವ ಬುಟ್ಟಿಯ ತಳದಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದೆ. ಒಂದು ಸ್ವರವನ್ನು ಒರಟು ಮಾಡುತ್ತದೆ, ಇನ್ನೊಂದು ಅದೇ ಸ್ವರವನ್ನು ಮೂರು ಸಲ ಹೇಳುತ್ತದೆ. ಒರಟು ಮಾಡುವುದು ಒಂದೇ ಇದ್ದರೆ ಸಾಲದೇ ಎಂದು ನೀನೊಮ್ಮೆ ಕೇಳಿದ್ದೆ. ಒರಟಿನಲ್ಲೂ ತರಾವರಿ ಇದೆ ಕಣೋ ಎಂದು ಅರ್ಧ ಗಂಟೆ ಕೊರೆದಿದ್ದೆ. ನೀನು ಎಲ್ಲವನ್ನೂ ಕೇಳಿ, ನಿನ್ನ ಒಂದೇ ಒಂದು ಹಳೇ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸಿದೆ. ನನ್ನ ಏಳೂ ಸೇರಿದರೂ ಅಷ್ಟು ಚೆನ್ನಾಗಿ ಬರುವುದಿಲ್ಲ. ಆವತ್ತೇ ನನಗೆ ಗೊತ್ತಿತ್ತು, ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರ ಎದುರಿಗೇ ಕೂತಿದೆ ಎಂದು. ಆ ವಾರವೇ ಆರನೆಯದನ್ನು ತರಿಸಿದೆ.

ಆಮೇಲೆ ಆಯುಧಪೂಜೆ ಬಂತು. ನಮ್ಮಲ್ಲಿ ಆವತ್ತು ಮಗ್ಗ ನಿಲ್ಲಿಸಿ, ತೊಳೆದು, ಲಾಳಿಯಿಂದ ಹಿಡಿದು ಕತ್ತರಿಯವರೆಗೆ ಎಲ್ಲದಕ್ಕೂ ಕುಂಕುಮ ಇಡದೆ ಯಾರೂ ಒಂದು ತುತ್ತು ತಿನ್ನುವುದಿಲ್ಲ. ಸುಧಾ ಅಟ್ಟದ ಕೋಣೆಯ ಮುಂದೆ ನಿಂತು ಯೋಚನೆಗೆ ಬಿದ್ದಳು. ಬೇರೆಯವರ ಆಯುಧಕ್ಕೆ ನಾವು ಪೂಜೆ ಮಾಡಿದರೆ ಸರಿಯಲ್ಲ, ಹಾಗಂತ ಪೂಜೆಯಿಲ್ಲದೆ ನಮ್ಮ ಮನೆಯಲ್ಲಿ ಬಿದ್ದಿರಲೂ ಬಾರದು. "ಮಂಜಂಗೇ ಫೋನ್ ಮಾಡ್ತೀನಿ, ಬಂದು ಮಾಡ್ಕೊಂಡು ಹೋಗ್ಲಿ," ಎಂದಳು. ಬೇಡ ಅನ್ನುವಷ್ಟರಲ್ಲಿ ಮಾಡಿಯೇ ಬಿಟ್ಟಳು.

ನೀನು ಬಂದೆ. ಹೊಸ ಅಂಗಿ, ಕೈಯಲ್ಲಿ ಒಂದು ಮೊಳ ಸೇವಂತಿಗೆ. ಕೋಣೆಯ ಬಾಗಿಲಲ್ಲಿ ನಿಂತು ಐದು ಗಿಟಾರ್ ನೋಡಿದೆ, ನನ್ನನ್ನು ನೋಡಿದೆ. ನಾನು ಸುಧಾಳ ಬೆನ್ನ ಹಿಂದೆ ನಿಂತು ನಿನಗೆ ಕೈಮುಗಿದೆ — ಆವತ್ತು ದೇವರಿಗೂ ಅಷ್ಟು ಭಕ್ತಿಯಿಂದ ಮುಗಿದಿರಲಿಲ್ಲ. ನೀನು, "ಹೌದತ್ತಿಗೆ, ಸ್ವಲ್ಪ ಜಾಸ್ತೀನೇ ಆಗ್ಬಿಟ್ಟವೆ," ಎಂದೆ.

ಎಂಥ ದೊಡ್ಡ ಮನಸ್ಸಪ್ಪಾ ನಿನ್ನದು. ಆದರೆ ನೀನೂ ಸೇಡು ತೀರಿಸಿಕೊಂಡೆ, ಇಲ್ಲ ಅನ್ನಬೇಡ. ಒಂದೊಂದರ ಮೇಲೂ ಒದ್ದೆ ಕುಂಕುಮ ಬಳಿದೆ. ತಂತಿಯ ಕೆಳಗೆ, ನಾದ ಹಿಡಿಯುವ ಆ ಕಬ್ಬಿಣದ ಗುಂಡಿಗಳ ಮೇಲೂ ಬಳಿದೆ. ನೀಲಿ ಗಿಟಾರಿನ ಮೇಲೆ ನಿಂಬೆಹಣ್ಣು ಹಿಂಡುವುದಕ್ಕೇ ಹೊರಟೆ. ನನ್ನ ಬಾಯಿಂದ "ಅಯ್ಯೋ, ಅಲ್ಲಲ್ಲ!" ಎಂದು ಬಂದೇಬಿಟ್ಟಿತು. ಸುಧಾ ತಿರುಗಿ, "ಅವನ ವಸ್ತು, ಅವನಿಷ್ಟ. ನಿಮಗ್ಯಾಕ್ರೀ ಹೊಟ್ಟೆಯುರಿ?" ಎಂದಳು. ಹೊರಗೆ ಬಂದ ಮೇಲೆ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನೂ ನಕ್ಕೆ. ಅಲ್ಲಿಗೆ ಮುಗಿದಿದ್ದರೆ ಇದು ನಮ್ಮಿಬ್ಬರ ತಮಾಷೆಯಾಗಿಯೇ ಉಳಿಯುತ್ತಿತ್ತು.

ಇಲ್ಲಿಂದ ಮುಂದಿನದು ನಿನಗೆ ಪೂರ್ತಿ ಗೊತ್ತಿಲ್ಲ.

ನಮ್ಮ ಮಗಳ ನಾಮಕರಣದಲ್ಲಿ ಭಾರತಿಯನ್ನು ನೀನು ನೋಡಿದ್ದು. ಸುಧಾಳ ಚಿಕ್ಕಪ್ಪನ ಮಗಳು, ನೆಲಮಂಗಲದವಳು. ನೀನು ತಂತಿ ಬಿಗಿಮಾಡುತ್ತಾ ಕೂತಿದ್ದಾಗ ಅವಳು ಬಂದು, ಕಲಿಯೋಕೆ ಎಷ್ಟು ದಿನ ಬೇಕು ಎಂದು ಕೇಳಿದಳು. ಮಾರನೆಯ ದಿನ ನಿನ್ನ ಬೈಕಿನಲ್ಲಿ ಫ್ಯಾಕ್ಟರಿಗೆ ಹೋಗುವಾಗ ಹಿಂದೆ ಕೂತಿದ್ದ ನನಗೆ ನೀನು, "ಗಿರಿಯಣ್ಣ, ಇದೊಂದು ಆದ್ರೆ ಸಾಕು ಕಣಣ್ಣ, ಇನ್ನೇನೂ ಬೇಡ ನಂಗೆ," ಎಂದೆ. ಯಾವತ್ತೂ ಏನನ್ನೂ ಬೇಕು ಅನ್ನದವನು ನೀನು. ನಿಮ್ಮಮ್ಮ ಮಾತಾಡಿದರು, ಅವರಿಗೂ ಒಪ್ಪಿಗೆಯಿತ್ತು. ಹುಡುಗನ ಬಗ್ಗೆ ವಿಚಾರಿಸಿಕೊಂಡು ಹೋಗೋಣ ಎಂದು ಒಂದು ಭಾನುವಾರ ಬೆಳಿಗ್ಗೆ ಭಾರತಿಯ ಅಪ್ಪ ನಮ್ಮ ಮನೆಗೇ ಬಂದರು. ಇನ್ನೆಲ್ಲಿಗೆ ಹೋಗುತ್ತಾರೆ? ನಿನ್ನ ಬೀದಿಯವನು, ನಿನ್ನ ಜೊತೆ ಕೆಲಸ ಮಾಡುವವನು, ಮೇಲಾಗಿ ಅವರಿಗೆ ಅಳಿಯ — ನಾನೇ ಅಲ್ಲವೇ.

"ಹುಡುಗ ಹೆಂಗಮ್ಮ?" ಎಂದು ಸುಧಾಳನ್ನು ಕೇಳಿದರು.

ಅವಳು ನಿನಗೆ ಕೆಟ್ಟದ್ದು ಬಯಸಲಿಲ್ಲ, ಇದನ್ನು ನಂಬು. "ಕುಡಿಯಲ್ಲ, ಸೇದಲ್ಲ, ಅಮ್ಮನ್ನ ಚೆನ್ನಾಗಿ ನೋಡ್ಕೋತಾನೆ ಚಿಕ್ಕಪ್ಪ," ಎಂದಳು. ಆಮೇಲೆ, ತಂಗಿಯ ಬಾಳಿನ ಪ್ರಶ್ನೆಯಲ್ಲವೇ, ಮುಚ್ಚಿಡಬಾರದು ಎಂದುಕೊಂಡು, "ಆದ್ರೆ ಒಂದು ಚಟ ಇದೆ," ಎಂದು ಅವರನ್ನು ಮೇಲಕ್ಕೆ ಕರೆದುಕೊಂಡು ಹೋದಳು. ಕಾಫಿ ಲೋಟ ಹಿಡಿದು ನಾನೂ ಹಿಂದೆಯೇ ಹೋದೆ.

ಮಾವ ಐದನ್ನೂ ಬೆರಳಿಟ್ಟು ಎಣಿಸಿದರು. ಅಮ್ಮನಿಗೆ ತಿಳಿಯಬಾರದೆಂದು ಇಲ್ಲಿ ಇಟ್ಟಿದ್ದಾನೆ ಎಂದು ಸುಧಾ ಹೇಳಿದಾಗ ಅವರ ಮುಖ ಗಂಟಾಯಿತು. "ಇರೋದು ಎರಡು ಕೈ. ಅದಕ್ಕೆ ಐದು ವಾದ್ಯ ಬೇಕು ಅನ್ನೋನು ನಾಳೆ ಒಬ್ಬಳು ಹೆಂಡ್ತೀಲಿ ತೃಪ್ತಿ ಪಡ್ತಾನಾ? ಅದೂ ಹೆತ್ತ ತಾಯಿಗೆ ಸುಳ್ಳು ಹೇಳಿ..." ಎಂದವರು ನನ್ನ ಕಡೆ ತಿರುಗಿದರು. "ಏನಪ್ಪಾ ಗಿರಿ, ನೀನೇನಂತೀಯ?"

ಮಂಜ, ಆಗ ಮೂರೇ ಮೂರು ಮಾತು ಬೇಕಿತ್ತು. ಮಾವ, ಅವು ನನ್ನವು. ಅಷ್ಟೇ. ಸುಧಾ ಎರಡು ದಿನ ಮಾತು ಬಿಡುತ್ತಿದ್ದಳು, ಮಾವ ನಕ್ಕುಬಿಡುತ್ತಿದ್ದರೋ ಏನೋ — ನಿನ್ನ ಮದುವೆ ಆಗುತ್ತಿತ್ತು. ನಾನು ಒಂದು ಗುಟುಕು ಕಾಫಿ ಕುಡಿದೆ. ಕುಡಿದು, "ವಯಸ್ಸಲ್ವಾ ಮಾವ, ಮದ್ವೆ ಆದ್ಮೇಲೆ ಸರಿಹೋಗ್ತಾನೆ," ಎಂದೆ.

ಸುಮ್ಮನಿದ್ದಿದ್ದರೂ ಎಷ್ಟೋ ವಾಸಿ. ನಿನ್ನ ಪರವಾಗಿ ಮಾತಾಡುವವನ ಹಾಗೆ ಮಾತಾಡಿ, ಮಾಡದ ತಪ್ಪಿಗೆ ಮೊಹರು ಒತ್ತಿಬಿಟ್ಟೆ. ನನಗಿಂತ ಹತ್ತು ವರ್ಷ ಚಿಕ್ಕವನ ಮೇಲೆ ನನ್ನ ವಯಸ್ಸಿಗೆ ಬರಬೇಕಾದ ನಾಚಿಕೆಯನ್ನು ಹಾಕಿದೆ.

ಅವರು ಮರ್ಯಾದಸ್ಥರು, ಕಾರಣ ಹೇಳಲಿಲ್ಲ. ಜಾತಕ ಕೂಡಲಿಲ್ಲ ಅಂದರು. ಜಾತಕ ಕೂಡಲಿಲ್ಲ ಎಂದ ಮೇಲೆ ನಿಮ್ಮಮ್ಮ ಬಿಡುತ್ತಾರೆಯೇ? ಹುಡುಕುತ್ತಾ ಹೋದವರಿಗೆ ಸರ್ಪದೋಷ ಸಿಕ್ಕೇ ಸಿಕ್ಕಿತು. ಮಂಗಳವಾರ ಮಂಗಳವಾರ ನಿನ್ನ ಉಪವಾಸ ಶುರುವಾಯಿತು. ಘಾಟಿ ಕ್ಷೇತ್ರಕ್ಕೆ ಹೋಗಿ ನಾಗರ ಕಲ್ಲು ಪ್ರತಿಷ್ಠೆ ಮಾಡಿಸಿದಿರಿ. ಒದ್ದೆ ಪಂಚೆಯಲ್ಲಿ ನಡುಗುತ್ತಾ ನೀನು ಪ್ರದಕ್ಷಿಣೆ ಹಾಕುತ್ತಿದ್ದೆ, ನಾನು ನಿನ್ನ ಪ್ಯಾಂಟು ಶರಟು ಹಿಡಿದುಕೊಂಡು ನಿಂತಿದ್ದೆ. ಒಂದು ಗಿಟಾರಿನ ಕುತ್ತಿಗೆಯಷ್ಟೇ ಎತ್ತರದ ಆ ಕಲ್ಲು — ಪಾಪ, ಆ ನಾಗಪ್ಪನಿಗೂ ಇದಕ್ಕೂ ಏನು ಸಂಬಂಧ? ಹಿಂದಿರುಗುವಾಗ ನೀನು ಹಸಿದಿದ್ದೆ, ನಾನು ದಾರಿಯಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದೆ. "ನೀನಿಲ್ದಿದ್ರೆ ಒಬ್ನೇ ಇಷ್ಟೆಲ್ಲಾ ಮಾಡೋಕಾಗ್ತಿತ್ತಾ ಗಿರಿಯಣ್ಣ," ಎಂದು ನೀನು ನನ್ನ ಕೈ ಹಿಡಿದುಕೊಂಡೆ. ನಾನಿಲ್ಲದಿದ್ದರೆ ಇದ್ಯಾವುದೂ ಬೇಕಾಗುತ್ತಲೇ ಇರಲಿಲ್ಲ ಕಣೋ. ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯಿತು.

ಭಾರತಿಗೆ ಹೊಸಕೋಟೆಯ ಕಡೆ ಮದುವೆಯಾಯಿತು. ಚೆನ್ನಾಗಿದ್ದಾಳೆ, ಒಬ್ಬ ಮಗನಿದ್ದಾನೆ. ಹೋದ ವರ್ಷ ಒಂದು ಗೃಹಪ್ರವೇಶದಲ್ಲಿ ಸಿಕ್ಕಾಗ, "ಅವರು ಇನ್ನೂ ನುಡಿಸ್ತಾರಾ ಭಾವ?" ಎಂದು ಕೇಳಿದಳು. ಯಾರು ಎಂದು ಹೆಸರು ಹೇಳಲಿಲ್ಲ. ಹ್ಞೂಂ ಎಂದೆ. ಇದನ್ನು ನಿನಗೆ ಹೇಳಬಾರದಿತ್ತೋ ಏನೋ... ಆದರೆ ಮುಚ್ಚಿಡುವುದರಲ್ಲಿ ನನ್ನ ಬುದ್ಧಿ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡಿಯಾಗಿದೆ.

ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಇಲ್ಲೇ ನಮ್ಮ ಪಕ್ಕದ ವಿಜಯಪುರದಿಂದ ನಿನಗೆ ಬಂದಿರುವ ಸಂಬಂಧದವರು ಈ ಭಾನುವಾರ ವಿಚಾರಿಸಲು ನಮ್ಮ ಮನೆಗೇ ಬರುತ್ತಾರಂತೆ. ಸುಧಾ ಮೊನ್ನೆ ಸಾರಿಗೆ ಒಗ್ಗರಣೆ ಹಾಕುತ್ತಾ, "ಪಾಪ, ಅವರಿಗೂ ಗಿಟಾರ್ ವಿಷ್ಯ ಹೇಳ್ಬೇಕಲ್ರೀ. ಹೆಣ್ಣು ಹೆತ್ತವರು," ಎಂದಳು. ಒಲೆ ಆರಿಸು ಎಂದೆ. ಆರಿಸಿದಳು. ಹೇಳಿದೆ.

ಅವಳು ಸೌಟು ಕೆಳಗಿಟ್ಟಳು. "ನಿಜ ಹೇಳಿ, ಒಟ್ಟು ಎಷ್ಟು?"

"ಏಳು."

"ಆ ಕಾಲಲ್ಲಿ ಒತ್ತೋದು?"

ಅದೂ ಗೊತ್ತಿತ್ತು ಅವಳಿಗೆ. ಕಂಡಿಕೆ ಬುಟ್ಟಿಗೆ ದಿನಾ ಕೈ ಹಾಕುವವಳು ಅವಳೇ ಎಂಬುದು ಇಷ್ಟು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. "ಹದಿನಾಲ್ಕು," ಎಂದೆ.

"ಕಾಲೆಷ್ಟಿವೆ ನಿಮಗೆ?"

"ಎರಡು."

ನಕ್ಕುಬಿಡುತ್ತಾಳೆ ಎಂದುಕೊಂಡೆ, ಮಂಜ. ನಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹಂಗಾದ್ರೆ ನಾನೇ ನನ್ನ ಬಾಯಾರೆ ಅವನ ಸಂಸಾರ ಕೆಡಿಸ್ದೆ. ನನ್ನ ಕೈಲಿ ಈ ಪಾಪ ಮಾಡಿಸಿದ್ರಲ್ರೀ," ಎಂದು ಅತ್ತಳು. ಅಲ್ಲಿಯವರೆಗೆ ನಾನು ನಿನಗೊಬ್ಬನಿಗೇ ಅನ್ಯಾಯ ಮಾಡಿದ್ದೇನೆ ಎಂದುಕೊಂಡಿದ್ದೆ.

ಆಮೇಲೆ ಕಣ್ಣೊರೆಸಿಕೊಂಡು ಎಲ್ಲವನ್ನೂ ಕೆಳಗಿಳಿಸಿ ಎಂದಳು. ಇಳಿಸಿದೆ. ಎಷ್ಟು ಇಟ್ಟುಕೊಳ್ಳಲಿ ಎಂದು ಕೇಳಿದೆ — ನೋಡು, ಆಗಲೂ ನನಗೆ ಅದೇ ಯೋಚನೆ. "ಅದನ್ನ ಮಂಜ ಹೇಳ್ಲಿ," ಎಂದಳು. ನೀನು ಒಂದೂ ಬೇಡ ಎಂದರೆ ಒಂದೂ ಇಲ್ಲ. ಚೌಕಾಸಿ ಮಾಡುವುದಿಲ್ಲ.

ಭಾನುವಾರ ಅವರು ಬಂದಾಗ ಏಳೂ ನಡುಮನೆಯಲ್ಲೇ ಇರುತ್ತವೆ, ಹದಿನಾಲ್ಕು ಪೆಡಲ್‌ಗಳ ಸಮೇತ. ಇವೆಲ್ಲ ನನ್ನವು, ಹುಡುಗನ ಹತ್ತಿರ ಇರುವುದು ಒಂದೇ ಎಂದು ಹೇಳುತ್ತೇನೆ. ಹಳೆಯ ಸಂಬಂಧ ಯಾಕೆ ಮುರಿಯಿತು ಎಂದು ಕೇಳಿದರೆ, ಕಾಫಿ ಲೋಟ ಕೆಳಗಿಟ್ಟು, ಅದನ್ನೂ ಹೇಳುತ್ತೇನೆ. ನಿಮ್ಮಮ್ಮನಿಗೆ ಇವತ್ತು ಸಂಜೆಯೇ ಬಂದು ಹೇಳುತ್ತೇನೆ; ಏನು ಕೊಟ್ಟರೂ ತಿನ್ನದೆ ಹೇಳುತ್ತೇನೆ.

ನೀನು ನನ್ನ ಜೊತೆ ಮಾತು ಬಿಟ್ಟರೆ ಅದು ನ್ಯಾಯವೇ. ನಾಳೆಯಿಂದ ನಿನ್ನ ಬೈಕಿಗೆ ಕಾಯುವುದಿಲ್ಲ, ಬಸ್ಸಿಗೆ ಹೋಗುತ್ತೇನೆ. ಕ್ಷಮಿಸು ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಆದರೆ ಒಂದು ಮಾತು ಕೇಳು. ನಮ್ಮ ಮನೆಯಿಂದ ಅವರು ನೇರ ನಿಮ್ಮ ಮನೆಗೆ ಬರುತ್ತಾರೆ. ನನ್ನ ಮೇಲಿನ ಸಿಟ್ಟಿಗೆ ಎಲ್ಲಿಗೂ ಹೋಗಬೇಡ. ಗಡ್ಡ ತೆಗೆದುಕೊಂಡು ಮನೆಯಲ್ಲೇ ಇರು.