ಎಕ್ಸ್‌ರೇಯಲ್ಲಿ ಕಂಡ ಹಳೆಯ ಬಿರುಕು

ಕಂಪ್ಲಿಯ ಆಸ್ಪತ್ರೆಯಲ್ಲಿ ನಾನು ವೈದ್ಯೆಯಾಗಿ ಸೇರಿ ಎರಡನೆಯ ವರ್ಷ. ಒಂದು ಬೆಳಿಗ್ಗೆ ತಾಯಿಯೊಬ್ಬಳು ಎಂಟು ವರ್ಷದ ಮಗಳನ್ನು ಕರೆತಂದಳು. ಹುಡುಗಿಯ ಎಡಗೈ ಊದಿತ್ತು.

"ಮೆಟ್ಟಲ ಮ್ಯಾಲಿಂದ ಬಿದ್ದಾಳ್ರಿ ಮೇಡಂ" ಎಂದಳು ತಾಯಿ.

ಎಕ್ಸ್‌ರೇಯಲ್ಲಿ ಹೊಸ ಮುರಿತದ ಪಕ್ಕದಲ್ಲೇ ಕೂಡಿಕೊಳ್ಳುತ್ತಿದ್ದ ಹಳೆಯ ಬಿರುಕೊಂದು ಕಂಡಿತು. ಆಗ ನೆನಪಾಯಿತು. ಒಂದೂವರೆ ತಿಂಗಳ ಹಿಂದೆ ಇದೇ ಕೈಗೆ ನಾನೇ ಪಟ್ಟಿ ಕಟ್ಟಿದ್ದೆ. ಸೈಕಲ್ ಮೇಲಿಂದ ಬಿದ್ದಳು ಎಂದು ಆಗಲೂ ತಾಯಿಯೇ ಹೇಳಿದ್ದಳು. ಹೊರಗೆ ಸಾಲು ಉದ್ದವಿತ್ತು. ಎಕ್ಸ್‌ರೇ ತೆಗೆಸಲಿಲ್ಲ, ಮಗುವನ್ನು ಏನೂ ಕೇಳಲಿಲ್ಲ, "ಬಿದ್ದು ಪೆಟ್ಟು" ಎಂದು ಬರೆದು ಕಳಿಸಿದ್ದೆ.

ಈ ಸಲ ತಾಯಿಯನ್ನು ಹೊರಗೆ ಕೂರಿಸಿದೆ. ನಮ್ಮ ಹಿರಿಯ ನರ್ಸ್ ಹುಡುಗಿಯ ಪಕ್ಕ ಕುಳಿತು ಪ್ಲಾಸ್ಟರ್ ಹಾಕಲು ಕೈಗೆ ಹತ್ತಿ ಸುತ್ತುತ್ತಾ, ಶಾಲೆಯ ಮಾತು ತೆಗೆದು, ಕೊನೆಗೆ ಮೆಲ್ಲಗೆ ಕೇಳಿದರು: "ಹೆಂಗಾತವ್ವ ಇದು?"

"ಲೆಕ್ಕ ತಪ್ಪಿದ್ರ ದೊಡ್ಡಪ್ಪ ಕೈ ತಿರುವ್ತಾನ್ರಿ. ನಂದಾ ತಪ್ಪು. ಏಳರ ಮಗ್ಗಿ ಬರಂಗಿಲ್ಲ ನಂಗ."

ನಾನು ತಾಯಿಗೆ ಇದನ್ನು ಪೊಲೀಸರಿಗೂ ಮಕ್ಕಳ ಸಹಾಯವಾಣಿಗೂ ತಿಳಿಸಬೇಕಾಗುತ್ತದೆ ಎಂದೆ. ಅವಳ ಮುಖ ಬಾಡಿತು.

"ಬ್ಯಾಡ್ರಿ ಮೇಡಂ. ನನ್ ಗಂಡ ಸಂಡೂರಿನ ಮೈನ್ಸ್‌ನಾಗ ಇರ್ತಾನ. ನಾವು ಭಾವನವ್ರ ಮನ್ಯಾಗ ಅದೀವಿ. ಊರಾಗೆಲ್ಲ ಅವ್ರಿಗೆ ಮರ್ಯಾದಿ ಐತಿ. ನಮ್ಮನ್ನ ಹೊರಗ ಹಾಕ್ತಾರ."

ಅವಳ ಭಯ ಸುಳ್ಳಲ್ಲ. ನಾನು ಹಿಂಜರಿದು ನಮ್ಮ ಮುಖ್ಯ ವೈದ್ಯರ ಬಳಿ ಹೋದೆ.

"ಖಾತ್ರಿ ಐತೇನು?" ಎಂದರು.

"ಇಲ್ಲ ಸರ್. ಸಂಶಯ ಐತಿ."

"ಸಂಶಯ ಇದ್ರ ತಿಳಿಸಬೇಕು. ಖಾತ್ರಿ ಮಾಡೋದು ನಮ್ಮ ಕೆಲ್ಸ ಅಲ್ಲ. ಬರೀರಿ."

ಬರೆದೆ. ಹಳೆಯ ಭೇಟಿಯ ವಿಷಯವನ್ನೂ, ನಾನು ಆಗ ಕೇಳದೆ ಬಿಟ್ಟದ್ದನ್ನೂ ಬರೆದೆ. ಹುಡುಗಿಯನ್ನು ವಾರ್ಡಿನಲ್ಲಿ ಉಳಿಸಿಕೊಂಡೆವು.

ಮಧ್ಯಾಹ್ನ ದೊಡ್ಡಪ್ಪ ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಮೆದು ಮಾತು. "ನಿಮ್ಗೂ ಮೇಷ್ಟ್ರು ಹೊಡದಿರಬೇಕಲ್ರಿ? ಅದಕ್ಕಾ ಡಾಕ್ಟ್ರಾಗೀರಿ" ಎಂದರು. "ಪೊಲೀಸ್ರಿಗೆ ಆಗ್ಲೇ ತಿಳಿಸೀವ್ರಿ" ಎಂದಷ್ಟೇ ಹೇಳಿದೆ.

ಮರುದಿನ ತಂದೆ ಸಂಡೂರಿನಿಂದ ಬಂದ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯವರ ಮುಂದೆ ಹೋಗಿ ಬಂದ ಮೇಲೆ ಹೆಂಡತಿ, ಮಗಳನ್ನು ಸಂಡೂರಿಗೇ ಕರೆದೊಯ್ದ. ಕೇಸು ಇನ್ನೂ ನಡೆದಿದೆ ಎಂದು ಕೇಳಿದ್ದೇನೆ.

ಪ್ಲಾಸ್ಟರ್ ಬಿಚ್ಚಿಸಲು ಬಂದಾಗ ತಾಯಿ ಮೊದಲು ನನ್ನ ಕಡೆ ನೋಡಲಿಲ್ಲ. ಹೊರಡುವಾಗ ಬಾಗಿಲ ಬಳಿ ನಿಂತಳು.

"ನಿಮ್ ಮ್ಯಾಲ ಭಾಳ ಸಿಟ್ಟಿತ್ರಿ. ಈಗ್ಲೂ ಸ್ವಲ್ಪ ಐತಿ. ಸಂಡೂರಾಗ ಒಂದಾ ಖೋಲಿ, ನೀರಿಗೂ ದೂರ ಹೋಗ್ಬೇಕು." ಮಗಳ ಕಡೆ ನೋಡಿ ಹೇಳಿದಳು: "ಆದ್ರ ಈಕಿ ಈಗ ಸಾಲಿಯಿಂದ ಮನಿಗೆ ಓಡ್ಕೋತ ಬರ್ತಾಳ್ರಿ. ಮೊದ್ಲು ನಾನಾ ಹೋಗಿ ಎಳ್ಕೊಂಡು ಬರಬೇಕಿತ್ತು."