ಕಾಡುಹೋರಿಯ ದಾರಿ ಕಾಯುತ್ತ

ನಾನು ಐವತ್ತು ದಾಟಿದವನು, ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುವವನು, ಬೆಟಗೇರಿಯ ನಮ್ಮ ಓಣಿಯಲ್ಲಿ ತಕ್ಕಮಟ್ಟಿಗೆ ಮರ್ಯಾದಸ್ಥನೆಂದು ಹೆಸರಾದವನು. ಇಷ್ಟೆಲ್ಲ ಆಗಿಯೂ ನಾನು ಆಟಿಕೆಯ ಡೈನೋಸಾರುಗಳನ್ನು ಕೂಡಿಡುತ್ತೇನೆ. ಬೈಠಕ್‌ ಖೋಲಿಯ ಗಾಜಿನ ಕಪಾಟಿನಲ್ಲಿ ಬೇರೆಯವರು ಬೆಳ್ಳಿಯ ಸಾಮಾನು ಇಡುತ್ತಾರೆ, ನಮ್ಮಲ್ಲಿ ಉದ್ದ ಕತ್ತಿನವು, ಬೆನ್ನ ಮೇಲೆ ಹಲಗೆ ಹೊತ್ತವು, ಬಾಯಿ ತೆರೆದು ನಿಂತವು ಇವೆ. ಬಂದ ಬೀಗರು ಕಪಾಟನ್ನು ನೋಡಿ ನನ್ನನ್ನು ನೋಡುತ್ತಾರೆ. ಆಗ ನನ್ನ ಹೆಂಡತಿ ಚಹಾದ ಬಸಿ ಮುಂದಿಡುತ್ತ, ಅವು ಇವರ ತಮ್ಮನ ಮಗನವು ಎಂದು ಹೇಳಿಬಿಡುತ್ತಾಳೆ. ನನಗೆ ತಮ್ಮನೇ ಇಲ್ಲ. ಆದರೂ ಆ ಹುಡುಗ ಈಗ ನಮ್ಮ ಬಳಗದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದಾನೆ, ಒಂದಿಬ್ಬರು ಅವನು ಎಷ್ಟನೆಯ ಇಯತ್ತೆ ಎಂದೂ ಕೇಳಿದ್ದಾರೆ.

ಈ ಹುಚ್ಚು ಒಬ್ಬನಿಗೇ ಇದ್ದರೆ ರೋಗ, ನಾಲ್ವರಿಗಿದ್ದರೆ ಸಂಘ. ನಮ್ಮದು ಸಂಘ. ಶಿರಹಟ್ಟಿಯಲ್ಲಿ ವಿಮಲಾ ಟೀಚರ್ ಇದ್ದಾರೆ, ವಿಜ್ಞಾನ ಕಲಿಸುತ್ತಾರೆ. ಮುಂಡರಗಿಯಲ್ಲಿ ದನದ ಡಾಕ್ಟರು ಶಂಕರಗೌಡರಿದ್ದಾರೆ. ಲಕ್ಷ್ಮೇಶ್ವರದಲ್ಲಿ ಖಾದರಸಾಬರಿದ್ದಾರೆ, ಪೇಟೆಯಲ್ಲಿ ಅವರದು ಎತ್ತಿನ ಸಾಮಾನಿನ ಅಂಗಡಿ. ಹಗ್ಗ, ಗೆಜ್ಜೆಸರ, ಕೊರಳಗಂಟೆ, ಬಣ್ಣಬಣ್ಣದ ಗೊಂಡೆ, ಎತ್ತನ್ನು ಹತೋಟಿಯಲ್ಲಿಡಲು ಮೂಗಿಗೆ ಪೋಣಿಸುವ ಮೂಗುದಾಣ, ಎಲ್ಲವೂ ಅಲ್ಲಿ ಸಿಗುತ್ತವೆ. ಆ ಗೊಂಡೆಗಳ ನಡುವಿನ ಹಲಗೆಯ ಮೇಲೆ ಅವರ ಪ್ರಾಣಿಗಳೂ ನಿಂತಿವೆ. ಮುಳಗುಂದದ ಕಡೆಯ ರೈತರೊಬ್ಬರು ಒಮ್ಮೆ ಅಲ್ಲಿದ್ದ ಮೂರು ಕೋಡಿನ ಡೈನೋಸಾರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದನ್ನು ಕುಂಟೆಗೆ ಹೂಡಲು ಬರುತ್ತದೆಯೇ ಎಂದು ಕೇಳಿದರಂತೆ. ಖಾದರಸಾಬರು ನಗಲಿಲ್ಲ. ಕೊರಳು ಬಲು ಗಿಡ್ಡ, ನೊಗ ನಿಲ್ಲುವುದಿಲ್ಲ ಎಂದು ತಿಳಿಸಿ ಹೇಳಿದರಂತೆ.

ಕೂಡಿಡುವುದಕ್ಕಿಂತ ಕಾಯುವುದೇ ಈ ಹವ್ಯಾಸದ ದೊಡ್ಡ ಭಾಗವೆಂದು ನಿಮಗೆ ಹೇಳಬೇಕು. ಪರದೇಶದ ಕಂಪನಿಗಳು ವರ್ಷದ ಕೊನೆಗೆ ಮುಂದಿನ ವರ್ಷದ ಹೊಸ ಪ್ರಾಣಿಗಳ ಸುದ್ದಿ ಬಿಡುತ್ತವೆ. ಒಮ್ಮೆಗೇ ಬಿಟ್ಟರೆ ಅವರ ಗಂಟೇನು ಹೋಗುತ್ತದೋ ಗೊತ್ತಿಲ್ಲ. ಇವತ್ತು ಬರೀ ಕರೀ ನೆರಳು, ವಾರ ಬಿಟ್ಟು ಒಂದು ಬಾಲ, ಮತ್ತೆ ವಾರ ಬಿಟ್ಟು ಪೂರ್ತಿ ಫೋಟೋ. ಆ ನೆರಳು ಬಂದ ದಿನ ನಮ್ಮ ನಾಲ್ವರ ಫೋನುಗಳಿಗೆ ಪುರಸೊತ್ತು ಇರುವುದಿಲ್ಲ. ಬಾಲ ಇಷ್ಟು ದಪ್ಪವಿದೆಯೆಂದರೆ ಇಂಥದ್ದೇ ಇರಬೇಕೆಂದು ನಾನು, ಅಲ್ಲವೇ ಅಲ್ಲವೆಂದು ಟೀಚರು. ಹೆಣ್ಣು ನೋಡುವ ಮೊದಲು ಫೋಟೋ ನೋಡಿ ಮನಸ್ಸಿನಲ್ಲೇ ಸಂಸಾರ ಹೂಡಿದವರ ಪಾಡು ನಮ್ಮದು. ಮುಂದೆ ಖುದ್ದು ಬಂದು ನಿಂತಾಗ ಫೋಟೋದಲ್ಲಿದ್ದ ಬಣ್ಣವೂ ಇರುವುದಿಲ್ಲ, ಎತ್ತರವೂ ಇರುವುದಿಲ್ಲ. ಆದರೆ ಅಷ್ಟರಲ್ಲಿ ಅದರ ಮೇಲೆ ಪ್ರೀತಿ ಬಂದುಬಿಟ್ಟಿರುತ್ತದೆ.

ಬಂದ ಪ್ರಾಣಿಯನ್ನು ನಾಲ್ವರೂ ನಾಲ್ಕು ಬಗೆಯಲ್ಲಿ ನೋಡುತ್ತೇವೆ. ನಾನು ಅಳತೆಪಟ್ಟಿ ಹಿಡಿದು ತಲೆಗೂ ಮೈಗೂ ತಾಳೆ ನೋಡುತ್ತೇನೆ, ವೃತ್ತಿಯ ಚಟ. ಟೀಚರಿಗೆ ಬಣ್ಣದ ಚಿಂತೆ. ಡೈನೋಸಾರುಗಳ ಬಣ್ಣ ಕಣ್ಣಾರೆ ಕಂಡವರು ಯಾರೂ ಇಲ್ಲವಾದ್ದರಿಂದ ಈ ಚಿಂತೆಗೆ ಕೊನೆಯೇ ಇಲ್ಲ. ಬೇಟೆಯ ಡೈನೋಸಾರಿನ ಹಲ್ಲು ಬಾಯಿಂದ ಹೊರಗೆ ಕಾಣಬೇಕೋ, ತುಟಿಯೊಳಗೆ ಮುಚ್ಚಿರಬೇಕೋ ಎಂಬ ವಾದದಲ್ಲಿ ಅವರು ಒಂದಿಡೀ ಬೇಸಿಗೆ ರಜೆ ಕಳೆದಿದ್ದಾರೆ. ಡಾಕ್ಟರು ಕಾಲಿನ ಹೊರತು ಬೇರೇನೂ ನೋಡುವುದಿಲ್ಲ. ಗೊರಸು ಉಗುರು ಒತ್ತಿ ನೋಡಿ, ಇದು ಹೀಗೇ ನಡೆದರೆ ನಾಳೆ ಕುಂಟುತ್ತದೆ ಎಂದು ಮುಖ ಸಣ್ಣದು ಮಾಡುತ್ತಾರೆ. ಖಾದರಸಾಬರು ಮಾತ್ರ ಸುಮ್ಮನೆ ಅಂಗೈಯಲ್ಲಿಟ್ಟುಕೊಂಡು ಕೂತಿರುತ್ತಾರೆ. ಬಂದದ್ದಕ್ಕೆ ಕೊಂಕು ತೆಗೆಯುವುದು ಅವರಿಗೆ ಬರುವುದಿಲ್ಲ.

ನಮ್ಮ ಸೀಮೆಯಲ್ಲೇ ಒಂದಾದರೂ ಡೈನೋಸಾರಿನ ಎಲುಬು ಸಿಕ್ಕಿದ್ದರೆ ನಮ್ಮ ಮೂಗು ಎಷ್ಟು ಮೇಲಿರುತ್ತಿತ್ತೋ. ಆಸೆಯಿಂದ ನಾನೂ ಒಂದಿಷ್ಟು ಓದಿ ನೋಡಿದೆ. ನಮ್ಮ ಕಪ್ಪತಗುಡ್ಡದ ಕಲ್ಲು ಎಷ್ಟು ಹಳೆಯದೆಂದರೆ, ಅದು ಹುಟ್ಟಿದಾಗ ಭೂಮಿಯ ಮೇಲೆ ಎಲುಬು ಎಂಬುದೇ ಇರಲಿಲ್ಲ. ಡೈನೋಸಾರುಗಳು ಬರುವ ಹೊತ್ತಿಗೆ ಗುಡ್ಡ ಆಗಲೇ ಮುದಿಯಾಗಿತ್ತು. ಇದನ್ನು ತಿಳಿದು ಮೊದಲು ಬೇಸರವಾಯಿತು, ಆಮೇಲೆ ಸ್ವಲ್ಪ ಸೊಕ್ಕೂ ಬಂತು. ಈಗ ಮುಂಡರಗಿ ಬಸ್ಸಿನ ಕಿಟಕಿಯಿಂದ ಗುಡ್ಡ ಕಂಡರೆ ಹಿರಿಯರನ್ನು ಕಂಡಂತೆ ಸ್ವಲ್ಪ ನೆಟ್ಟಗೆ ಕೂಡುತ್ತೇನೆ.

ಇನ್ನು ಖಾದರಸಾಬರ ಮಾತು. ವರ್ಷದ ಕೊನೆಗೆ ನೆರಳಿನ ಚಿತ್ರ ಬಂದು ನಾವೆಲ್ಲ ಊಹೆಗಳ ಮಳೆ ಸುರಿಸುತ್ತಿರುವಾಗ ಅವರದು ಪ್ರತಿ ಸಲವೂ ಒಂದೇ ಪ್ರಶ್ನೆ: "ಹೋರಿ ಬಂತೇನ್ರಿ?" ಅವರಿಗೆ ಬೇಕಾಗಿದ್ದದ್ದು ಡೈನೋಸಾರಲ್ಲ, ನಮ್ಮ ದೇಶದ ಪುರಾತನ ಕಾಡುಹೋರಿ. ನರ್ಮದೆಯ ದಂಡೆಯ ಮಣ್ಣಿನಲ್ಲಿ ಅದರ ಎಲುಬುಗಳು ಸಿಕ್ಕಿವೆ. ಆಳೆತ್ತರದ ಮೈ, ಬಿಲ್ಲಿನಂತೆ ಬಾಗಿದ ಕೋಡು. ಹೆಗಲ ಮೇಲೆ ಇಣಿಯ ಡುಬ್ಬ ಹೊತ್ತ ನಮ್ಮ ಇಂದಿನ ಎತ್ತುಗಳ ಮೂಲಪುರುಷ ಅದೇ ಇರಬೇಕೆಂದು ಬಲ್ಲವರು ಹೇಳುತ್ತಾರೆ. ಆದರೆ ಕಂಪನಿಯವರಿಗೆ ಹೋರಿಯ ಮೇಲೆ ಯಾಕೆ ಮನಸ್ಸಾದೀತು? ಹಲ್ಲು ಕಿರಿಯುವ ಡೈನೋಸಾರು ಪ್ರತಿವರ್ಷ ಹೊಸ ಬಣ್ಣದಲ್ಲಿ ಬರುತ್ತಿತ್ತು, ಹೋರಿ ಬರಲಿಲ್ಲ. ಖಾದರಸಾಬರು ತಮ್ಮ ಅಂಗಡಿಯ ಹಲಗೆಯ ನಟ್ಟನಡುವೆ ಒಂದು ಜಾಗ ಖಾಲಿ ಬಿಟ್ಟಿದ್ದರು. ಅಲ್ಲಿ ಗೊಂಡೆ ತೂಗುಹಾಕಲೂ ಬಿಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಎತ್ತಿನ ಕೊರಳಿಗೆ ಗಂಟೆ, ಮೂಗಿಗೆ ದಾಣ ಮಾರಿದವನು ನಾನು, ಒಮ್ಮೆ ಇವು ಯಾವುದೂ ಇಲ್ಲದ ಹೋರಿ ಹೆಂಗಿತ್ತು ನೋಡಬೇಕು ಎನ್ನುತ್ತಿದ್ದರು.

ಕೊನೆಗೆ ಒಂದು ವರ್ಷ ಕರೀ ನೆರಳಿಗೆ ಕೋಡು ಮೂಡಿತು. ಯಾವುದೋ ಸಣ್ಣ ಕಂಪನಿ, ಕೆಲವೇ ಕೆಲವನ್ನು ಮಾಡಿತ್ತು. ಟೀಚರು ಫೋನಿನಲ್ಲಿ ಗುದ್ದಾಡಿ ಒಂದನ್ನು ಹಿಡಿದರು. ಎರಡನೆಯದಕ್ಕೆ ಕೇಳಿದಾಗ ಮಾಲು ಮುಗಿಯಿತು, ಮತ್ತೆ ಮಾಡುವುದಿಲ್ಲ ಎಂದರಂತೆ. ಇರುವ ಒಂದು ಯಾರದೆಂಬ ಚರ್ಚೆಯೇ ನಮ್ಮಲ್ಲಿ ಏಳಲಿಲ್ಲ. ಹಡಗು ಹತ್ತಿದ ಹೋರಿ ತಿಂಗಳುಗಟ್ಟಲೆ ಬರಲೇ ಇಲ್ಲ. ಕಾರಹುಣ್ಣಿಮೆ ಬಂತು. ರೈತರೆಲ್ಲ ಎತ್ತು ಸಿಂಗರಿಸುವ ಹಬ್ಬ, ಖಾದರಸಾಬರಿಗೆ ಉಸಿರಾಡಲು ಬಿಡುವಿಲ್ಲದ ಸುಗ್ಗಿ. ಆ ಗದ್ದಲದಲ್ಲೂ ಗಿರಾಕಿಗೆ ಗೆಜ್ಜೆಸರ ಕಟ್ಟಿಕೊಡುತ್ತ ನನಗೆ ಫೋನು ಹಚ್ಚಿ, ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು.

ಕೊರಿಯರಿನವರು ನಮ್ಮ ಮನೆಗೇ ತಲುಪಿಸುವುದರಿಂದ ಸಂಘದ ಪೆಟ್ಟಿಗೆಗಳೆಲ್ಲ ಬೆಟಗೇರಿಗೆ ಬಂದಿಳಿಯುತ್ತವೆ. ನಾಲ್ವರೂ ಕೂಡದೆ ಪೆಟ್ಟಿಗೆ ಒಡೆಯಬಾರದು, ಅದು ನಮ್ಮ ಕಟ್ಟಳೆ. ಆದರೆ ಈ ಪೆಟ್ಟಿಗೆ ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ, ಮುಂಗಾರಿನ ಮಳೆಯಲ್ಲಿ ಪೂರಾ ತೊಯ್ದು. ರಟ್ಟು ಮುಟ್ಟಿದರೆ ಕೈಗೆ ಬರುತ್ತಿತ್ತು. ಎಲ್ಲರಿಗೂ ಫೋನು ಮಾಡಿ ಒಪ್ಪಿಗೆ ಪಡೆದೇ ಒಡೆದೆ. ಖಾದರಸಾಬರು, ಫೋಟೋ ಮಾತ್ರ ಕಳಿಸಬೇಡಿ, ನಾಳೆ ಬಂದೇ ನೋಡುತ್ತೇನೆ ಎಂದರು. ಹೋರಿ ನಿಜಕ್ಕೂ ಫೋಟೋಕ್ಕಿಂತ ಚೆಂದವಿತ್ತು. ಕಪ್ಪು ಮೈ, ಬೆನ್ನ ಮೇಲೊಂದು ಮಾಸಲು ಬಿಳಿಯ ಗೆರೆ, ಮೂಳೆಯ ಬಣ್ಣದ ಕೋಡು. ಒರೆಸಿ, ಆರಲೆಂದು ಪಡಸಾಲೆಯ ಕಿಟಕಿಯಲ್ಲಿಟ್ಟು, ಮರುದಿನ ಬೆಳಿಗ್ಗೆ ಗೆಳೆಯರಿಗೆ ಮಿರ್ಚಿ ಭಜಿ ತರಲು ಪೇಟೆಗೆ ಹೋದೆ.

ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಪ್ರತಿ ಮನೆಯಲ್ಲೂ ಮಣ್ಣಿನ ಜೋಡೆತ್ತು ತಂದು ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ. ನಮ್ಮ ಮನೆಗೆ ಮಲ್ಲಸಮುದ್ರದ ಕಡೆಯಿಂದ ಒಬ್ಬಾಕೆ ಬುಟ್ಟಿಯಲ್ಲಿ ಹೊತ್ತು ತಂದು ಕೊಡುತ್ತಾಳೆ, ಪೂಜೆ ನನ್ನ ಅವ್ವನದು. ಆ ಸಲ ಮಳೆಗೆ ಮಣ್ಣು ಸರಿಯಾಗಿ ಆರಿರಲಿಲ್ಲ, ಒಂದು ಎತ್ತು ಜಗಲಿ ಏರುವ ಮೊದಲೇ ಕಾಲು ಕಳೆದುಕೊಂಡು ಕುಸಿಯಿತು. ಭಜಿಯ ಪೊಟ್ಟಣ ಹಿಡಿದು ನಾನು ಮನೆಗೆ ಬಂದಾಗ ಗೆಳೆಯರು ಮೂವರೂ ಆಗಲೇ ಪಡಸಾಲೆಯಲ್ಲಿ ಕೂತಿದ್ದರು, ಕಿಟಕಿ ಖಾಲಿಯಿತ್ತು, ಒಳಗಿನಿಂದ ಊದಿನಕಡ್ಡಿಯ ವಾಸನೆ ಬರುತ್ತಿತ್ತು. ನಾನು ಒಳಗೆ ಓಡಿದೆ. ಜಗಲಿಯ ಮೇಲೆ ಮಣ್ಣಿನ ಒಂಟಿ ಎತ್ತಿನ ಜೋಡಿಗೆ ಖಾದರಸಾಬರ ಕಾಡುಹೋರಿ ನಿಂತಿತ್ತು. ಹಣೆಗೆ ವಿಭೂತಿ, ಮೇಲೆ ಕುಂಕುಮ, ಮೈಗೆಲ್ಲ ಅರಿಶಿಣದ ಬೊಟ್ಟು. ಮೂಳೆಯ ಬಣ್ಣದ ಕೋಡು ಈಗ ಕೆಂಪಗಿದ್ದವು, ಎತ್ತಿನ ಕೋಡಿಗೆ ಹಚ್ಚುವ ಹುರಮಂಜನ್ನು ಅವ್ವ ಕಲಸಿ ಹಚ್ಚಿದ್ದಳು. ಸಾಲದ್ದಕ್ಕೆ ಕೆಂಪು ನೂಲು ಹೊಸೆದು ಮೂಗುದಾಣವನ್ನೂ ಕಟ್ಟಿದ್ದಳು.

"ಒಂದರ ಕಾಲು ಮುರೀತಪ್ಪಾ," ಎಂದಳು ಅವ್ವ. "ಒಂಟಿ ಎತ್ತಿಗೆ ಪೂಜಿ ಮಾಡಾಕ ಬರತೈತೇನು? ನಿಂದು ಕಿಟಕ್ಯಾಗ ಸುಮ್ನ ನಿಂತಿತ್ತು, ಜೋಡಿ ಮಾಡಿದೆ."

ಅವಳ ಮೇಲೆ ಸಿಟ್ಟು ಬಂತೆಂದರೆ ಸುಳ್ಳಾದೀತು. ಸಿಟ್ಟು ಮಾಡಿಕೊಳ್ಳಲು ಅವಳ ಮಾತಿನಲ್ಲಿ ಸಂದೇ ಇರಲಿಲ್ಲ. ಹಬ್ಬ ಎತ್ತಿನದು, ಕಿಟಕಿಯಲ್ಲಿ ಎತ್ತು. ಆದರೆ ಕೂಡಿಡುವವರ ಲೋಕದ ಕಾನೂನು ಬೇರೆ. ಅಲ್ಲಿ ಕಂಪನಿ ಹಚ್ಚಿದ ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಪ್ರಾಣಿ ಸತ್ತಂತೆ. ವರ್ಷಗಟ್ಟಲೆ ದಾರಿ ಕಾದ ಮನುಷ್ಯನ ಮುಂದೆ ಯಾವ ಮುಖದಿಂದ ಇದನ್ನು ಇಡಲಿ ಎಂದು ನನಗೆ ಸಂಕಟವಾಯಿತು. ಪೂಜೆಯಂತೂ ಮುಗಿದಿತ್ತು. ಅವ್ವನೇ ಹೋರಿಯನ್ನು ತಟ್ಟೆಯಲ್ಲಿಟ್ಟು ಪಡಸಾಲೆಗೆ ತಂದು ಖಾದರಸಾಬರ ಮುಂದೆ ಇಟ್ಟಳು. ಆಗಲೇ ಅವಳಿಗೆ ನಮ್ಮೆಲ್ಲರ ಮುಖ ನೋಡಿ ಏನೋ ತಪ್ಪಿದೆಯೆಂದು ಅನುಮಾನ ಬಂದದ್ದು.

ಡಾಕ್ಟರು ಕಾಲು ನೋಡುವುದನ್ನೂ ಮರೆತು, ಥಿನ್ನರಿನಿಂದ ಒರೆಸಬಹುದು ಎಂದರು. ಥಿನ್ನರಿಗೆ ಕಂಪನಿಯ ಬಣ್ಣವೂ ಎದ್ದುಹೋಗುತ್ತದೆ ಎಂದರು ಟೀಚರು. ಸಾಬೂನಿನ ನೀರು, ಲಿಂಬೆಹಣ್ಣು, ಬಿಸಿಲು, ಒಂದೊಂದಾಗಿ ಎಲ್ಲ ಮದ್ದೂ ಬಂದುಹೋದವು. ಅರಿಶಿಣದ ಕಲೆ ಪ್ಲಾಸ್ಟಿಕ್ಕಿನಿಂದ ಹೋಗುವುದಿಲ್ಲವೆಂಬುದು ನಾಲ್ವರಿಗೂ ಗೊತ್ತಿತ್ತು, ಸುಮ್ಮನಿರಲಾರದೆ ಮಾತಾಡುತ್ತಿದ್ದೆವು. ಅವ್ವ ಸಣ್ಣ ದನಿಯಲ್ಲಿ ಖಾದರಸಾಬರಿಗೆ, ತೊಳೆದು ಕೊಡಲೇ ತಮ್ಮಾ ಎಂದಳು.

ಖಾದರಸಾಬರು ಮಾತ್ರ ಹೋರಿಯನ್ನು ಅಂಗೈಯಲ್ಲಿ ತಗೊಂಡು ಎಂದಿನಂತೆ ಕೂತಿದ್ದರು. ಕೋಡಿನ ಕೆಂಪನ್ನು ನೋಡಿದರು, ಹಣೆ ನೋಡಿದರು, ಬೆರಳಿನಿಂದ ಬೆನ್ನಿನ ಗೆರೆ ಸವರಿದರು. ಕೊನೆಗೆ ಅವ್ವನಿಗೆ, ಇದನ್ನು ಎಡಕ್ಕೆ ಹೂಡಿದ್ದಿರೋ ಬಲಕ್ಕೋ ಎಂದು ಕೇಳಿದರು. ಬಲಕ್ಕೆ ಎಂದಳು ಅವ್ವ. ಬರೋಬ್ಬರಿ ಎಂಬಂತೆ ಅವರು ತಲೆದೂಗಿದರು. ಆಮೇಲೆ ಉಗುರಿನ ತುದಿಯಿಂದ, ಸಾಕಿದ ಎತ್ತಿಗೆ ನೋವಾಗದಂತೆ ಬಿಚ್ಚುವ ಹಾಗೆ, ಆ ಕೆಂಪು ನೂಲಿನ ಗಂಟನ್ನು ಬಿಚ್ಚತೊಡಗಿದರು.

"ಬಣ್ಣ ಇರ್ಲಿ, ವಿಭೂತಿನೂ ಇರ್ಲಿ ಅವ್ವಾರ. ತೊಳಿಯೂದು ಬ್ಯಾಡ," ಎಂದರು. "ಹಬ್ಬದಾಗ ಇದಕ್ಕೂ ಒಂದ್ಸಲ ಸಿಂಗಾರ ಆತು. ಮೂಗದಾಣ ಒಂದ ನಡಿಯೂದಿಲ್ಲ ನೋಡ್ರಿ. ಇದಿನ್ನೂ ಯಾರ ಕೈಗೂ ಸಿಕ್ಕಿದ್ದಲ್ಲ."

ಮೂಗುದಾಣ ಮಾರಿಯೇ ಮನೆ ನಡೆಸಿದ ಮನುಷ್ಯ ಈಗ ಅದನ್ನು ಬಿಚ್ಚಿ, ನೂಲನ್ನು ಸುರುಳಿ ಸುತ್ತಿ ತಟ್ಟೆಯ ಅಂಚಿಗಿಟ್ಟು, ಹೋರಿಯ ಬರಿಯ ಮೂಗನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದರು. ಮುಖ ತುಂಬ ನಗೆಯಿತ್ತು. ಡಾಕ್ಟರು ಆಗ ನೆನಪಾಗಿ ಬಗ್ಗಿ ಗೊರಸು ನೋಡಿ, ಕಾಲು ಗಟ್ಟಿ ಅದಾವು ಎಂದರು.

ಅವ್ವನಿಗೆ ತನ್ನ ತಪ್ಪು ತಪ್ಪಾಗಿ ಉಳಿದಿಲ್ಲವೆಂಬುದು ತಿಳಿದು ಜೀವ ಬಂತು. ಆದರೆ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು, ಅವಳ ತಲೆಯಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು.

"ದಾಣ ಇಲ್ದ ಹೆಂಗ ಹೂಡ್ತೀಯೋ ತಮ್ಮಾ?"

"ಹೂಡೂದಿಲ್ರಿ ಅವ್ವಾರ," ಎಂದರು ಖಾದರಸಾಬರು. "ನೋಡ್ಕೋಂತ ಕುಂಡ್ರತೇನಿ."

ಅವ್ವ ಅವರನ್ನೂ ಹೋರಿಯನ್ನೂ ಒಮ್ಮೆ ನೋಡಿದಳು. ಆಮೇಲೆ ತನ್ನ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಅವರ ಪಕ್ಕದಲ್ಲೇ ಕೆಳಗೆ ಕೂತಳು. ಹೋಳಿಗೆ ಆರುತ್ತವೆಂದು ನನ್ನ ಹೆಂಡತಿ ಒಳಗಿನಿಂದ ಕೂಗುತ್ತಿದ್ದಳು. ಯಾರೂ ಏಳಲಿಲ್ಲ.