ಅಕ್ಕನ ಹಸಿರು ಬಳೆ

ಮಕ್ಕಳಾ, ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಮ್ಮಪ್ಪ ಮಧುಗಿರಿಯಲ್ಲಿ ಬಳೆಗಾರ. ಅಪ್ಪ ಕೈ ಹಿಡಿದರೆ ಎಂಥ ಬಿಗಿ ಬಳೆಯೂ ನೋವಿಲ್ಲದೆ ಮಣಿಕಟ್ಟಿಗೆ ಜಾರುತ್ತಿತ್ತು. "ಕೈ ಸಡ್ಲ ಬುಡಮ್ಮ" ಅನ್ನೋದೊಂದೇ ಅವನ ಮಾತು.

ಆಗ ಬಂತು ನೋಡಿ ಕೊರೋನಾ, ಹಾಳಾದ್ದು! ಯಾರೂ ಯಾರನ್ನೂ ಮುಟ್ಟುವ ಹಾಗಿಲ್ಲ. ಮುಟ್ಟದೆ ಬಳೆ ತೊಡಿಸೋದು ಹೆಂಗೆ? ಅಪ್ಪ ಬೇರೆ ದಾರಿ ಹುಡುಕಿದ. ಹೆಂಗಸರು ಹೆಬ್ಬೆಟ್ಟು ಮಡಚಿ, ಗೆಣ್ಣಿನ ಸುತ್ತ ದಾರ ಸುತ್ತಿ, ಆ ಅಳತೆಯ ದಾರವನ್ನು ಜಗಲಿ ಮೇಲೆ ಇಡುತ್ತಿದ್ದರು. ಮಾಸ್ಕ್ ಹಾಕಿದ ಅಪ್ಪ ಅದಕ್ಕೆ ಹೊಂದುವ ಬಳೆಗಳನ್ನು ಸೋಪಿನ ನೀರಿನ ಬೋಗುಣಿಯಲ್ಲಿ ಮುಳುಗಿಸಿಟ್ಟು ದೂರ ಸರಿಯುತ್ತಿದ್ದ. ತಾವೇ ತೊಟ್ಟುಕೊಳ್ಳಲು ಹೋಗಿ ಒಡೆದುಕೊಂಡವರು ಅಪ್ಪನನ್ನೇ ಬೈಯುತ್ತಿದ್ದರು.

ಹೊಳವನಹಳ್ಳಿಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಆಗ ಏಳು ತಿಂಗಳು. ಬಸುರಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರ. ಅದನ್ನು ತನ್ನ ಕೈಯಾರೆ ಮಾಡಬೇಕೆಂದು ಅಪ್ಪನಿಗೆ ಎಷ್ಟು ಆಸೆಯಿತ್ತೋ! ಅವಳು ಹಿಂದಿನ ತಿಂಗಳು ಕಳಿಸಿದ್ದ ದಾರದ ಅಳತೆಗೆ ಬಳೆ ಆರಿಸಿ, ನನ್ನನ್ನು ಮೊಪೆಡ್ ಹಿಂದೆ ಕೂರಿಸಿಕೊಂಡು ಹೊರಟ. ಅಕ್ಕನ ಮನೆ ಗೇಟಿಗೆ ಬಂದವನೇ ನಿಂತುಬಿಟ್ಟ. ನನ್ನನ್ನೂ ಒಳಗೆ ಬಿಡಲಿಲ್ಲ.

"ಒಳಕ್ ಬಾ ಅಪ್ಪಾ, ನೀನೇ ತೊಡ್ಸು," ಅಂದಳು ಅಕ್ಕ.

"ಮನೆಮನೆ ಸುತ್ತೋನು ಕಣಮ್ಮ ನಾನು. ಬಸ್ರಿ ಹೆಂಗ್ಸು, ನಿಂಗೇನಾರ ಅಂಟುದ್ರೆ? ಬ್ಯಾಡ."

ಅಪ್ಪ ಬಳೆ ಹಾಕಿ ಗೇಟಿನ ಬುಡದಲ್ಲಿ ಇಟ್ಟ ಬೋಗುಣಿಯನ್ನು ಅಕ್ಕನ ಅತ್ತೆ ಬಂದು ಒಯ್ದರು. ಆದರೆ ತಿಂಗಳೊಳಗೆ ಅಕ್ಕನ ಕೈ ಊದಿಕೊಂಡಿತ್ತು. ಮೊದಲ ಬಳೆಯೇ ಗೆಣ್ಣಿಗೆ ಸಿಕ್ಕಿ ಒಡೆದು ರಕ್ತ ಬಂತು. ಅಪ್ಪ ಗೇಟಿನ ಚಿಲಕಕ್ಕೆ ಕೈ ಹಾಕಿದ, ಮತ್ತೆ ತೆಗೆದ. ಆಚೆಯಿಂದಲೇ ಗಾಳಿಯಲ್ಲಿ ಬಳೆ ತೊಡಿಸುವವನಂತೆ ಕೈ ಆಡಿಸುತ್ತಾ, "ಹೆಬ್ಬೆಟ್ಟು ಮಡ್ಚು... ಕೈ ಸಡ್ಲ ಬುಡು ಮಗಾ... ಅಂಗೆ, ಅಂಗೇ..." ಅನ್ನುತ್ತಿದ್ದ. ಅಪ್ಪ ಹೇಳಿದಂತೆ ಅತ್ತೆ ಒಂದೊಂದೇ ತೊಡಿಸಿದರು. ಅಕ್ಕ ಅಳುತ್ತಿದ್ದಳು. ಅಪ್ಪನ ಮಾಸ್ಕೂ ಒದ್ದೆಯಾಗಿತ್ತು.

"ಹೆರಿಗೆ ಆಗ್ಲಿ. ಎರಡೂ ಕೈ ತುಂಬ ನಾನೇ ತೊಡುಸ್ತೀನಿ," ಅಂದ.

ಆ ಭಾಗ್ಯ ಅವನಿಗಿರಲಿಲ್ಲ. ಹೆರಿಗೆಗೆ ಮುಂಚೆಯೇ ಜ್ವರ ಬಂದು ಆಸ್ಪತ್ರೆ ಸೇರಿದ ಅಪ್ಪ ತಿರುಗಿ ಬರಲಿಲ್ಲ. ಅಕ್ಕ ಅವನನ್ನು ಕೊನೆಯದಾಗಿ ನೋಡಿದ್ದು ಆ ಗೇಟಿನಾಚೆಯೇ.

ನೀವೋ, ರಸ್ತೆ ದಾಟುವಾಗ ಕೈ ಹಿಡಿದರೆ "ಬಿಡು ತಾತಾ, ನಾವೇನು ಪಾಪುನಾ?" ಅಂತ ಕೊಸರಿಕೊಂಡು ಓಡುತ್ತೀರಿ. ಮುಟ್ಟಲು ಹೆದರುತ್ತಿದ್ದ ಕಾಲ ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆದರೆ ಗಾಳಿಯಲ್ಲಿ ಬಳೆ ತೊಡಿಸಿದ ಆ ಬರಿಗೈಗಳನ್ನು ನಾನು ನೋಡಿದ್ದೀನಿ. ಕೊಸರಾಡಬೇಡಿ ಕಣ್ರೋ, ಕೈ ಕೊಡಿ.